ನೆರಳಮ್ಮಣ್ಣಿ ಹಿಂದಿರುಗಿ ನೋಡಿದ್ದು

ನಮ್ಮೂರಿನಲ್ಲಿ ಬೆನ್ನ ಹಿಂದೆ ಮಾತಾಡುವುದು ಮರ್ಯಾದಸ್ಥರ ಕೆಲಸ. ಬೇರೆ ಊರಿನವರು ಇದನ್ನು ಕೇಳಿ ಮೂಗು ಮುರಿದರೆ ಮುರಿಯಲಿ, ಮೂಗು ಅವರದು. ಅವರ ಊರಿನಲ್ಲಿ ಮಿಣುಕು ಟಾಕೀಸು ಇಲ್ಲ, ಅದರ ಪರದೆಯ ಹಿಂದೆ ಹಾಸಿದ ಜಮಖಾನ ಇಲ್ಲ, ಆ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚಿತ್ರದ ಪಾತ್ರಗಳ ಬೆನ್ನು ನೋಡುತ್ತಾ ಅವುಗಳಿಗೆ ದನಿ ಕೊಡುವ ಭಾಗ್ಯವೂ ಇಲ್ಲ.

ಪ್ರತಿ ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಎಲೆಯಡಿಕೆ ಬಾಯಿಗಿಟ್ಟುಕೊಂಡು, ಊರಿಗೆ ಊರೇ ಟಾಕೀಸಿಗೆ ಹೊರಡುತ್ತದೆ. ಅಲ್ಲಿ ಓಡುವುದು ಒಂದೇ ಚಿತ್ರ, ‘ಕತ್ತಲಕೋಟೆಯ ಕಲ್ಯಾಣ’. ನಟರಿಲ್ಲ, ಎಲ್ಲವೂ ಕೈಯಲ್ಲಿ ಬರೆದು ಕುಣಿಸಿದ ಗೊಂಬೆಗಳು. ಮಾತೂ ಇಲ್ಲ, ಬಂದದ್ದೇ ಮೂಕವಾಗಿ. ಸೊಟ್ಟ ಗೋಪುರಗಳ ಒಂದು ಕೋಟೆ, ತೊಲೆಗೊಂದು ಬಾವಲಿ, ಮೆಟ್ಟಿಲಿಗೊಂದು ಜೇಡ. ಆ ಕೋಟೆಯಲ್ಲಿ ನೆರಳಮ್ಮಣ್ಣಿ ಅಂತ ಅರಸುಮಗಳು. ಮೈಯೆಲ್ಲ ನೆರಳು, ಬೆಳಕು ಬಿದ್ದರೆ ಕರಗಿಹೋಗುವವಳು. ಅವಳ ಹಣೆಬರಹ ನೋಡಿ, ಅವಳನ್ನು ಪ್ರೀತಿಸಿದವನು ದೀಪ ಹಚ್ಚುವ ಕೆಲಸದವನು. ಉದ್ದ ಕಾಲು, ಪುಕ್ಕಲೆದೆ, ಯಾವ ಮಾತನ್ನೂ ಕೊನೆ ಮುಟ್ಟಿಸದ ನಾಲಿಗೆ. ಪಾಪ, ದೀಪ ಹಚ್ಚಿದರೆ ಅವಳಿರುವುದಿಲ್ಲ, ಹಚ್ಚದಿದ್ದರೆ ಅವಳು ಕಾಣುವುದಿಲ್ಲ. ಇಬ್ಬರ ನಡುವೆ ಅವಳಪ್ಪ, ಸೊಂಟಕ್ಕೆ ಬೀಗದ ಕೈ ಗೊಂಚಲು ಕಟ್ಟಿಕೊಂಡ ಬೀಗದ ಭೂತ. ಬೀಗರೇ ಬರಬಾರದೆಂದು ಬಾಗಿಲಿಗೆಲ್ಲ ಬೀಗ ಜಡಿದ ಪುಣ್ಯಾತ್ಮ. ಗೋಡೆಯಂಚಿನಲ್ಲಿ ಎಲ್ಲರನ್ನೂ ಹಂಗಿಸುತ್ತಾ ಕೂತ ಒಂದು ಕಾಗೆ.

ಒಂದು ಊರು ಹಂಚಿಕೊಳ್ಳಲು ಇಷ್ಟು ಜನ ಸಾಕು. ಚಿತ್ರ ಓಡುತ್ತಿರುವಾಗ ಯಾವುದೋ ಪಾತ್ರ ಇದ್ದಕ್ಕಿದ್ದಂತೆ ತನ್ನ ಕೆಲಸ ನಿಲ್ಲಿಸಿ, ಕೂತವರಲ್ಲಿ ಒಬ್ಬರನ್ನು ನೆಟ್ಟ ಕಣ್ಣಿನಿಂದ ನೋಡುತ್ತದೆ. ನೋಡಿಸಿಕೊಂಡವರ ಮೈ ಜುಮ್ಮೆನ್ನುತ್ತದೆ. ‘ಅಯ್ಯೋ, ಇದು ನಾನೇ ಅಲ್ಲವೇ’ ಅನ್ನಿಸುತ್ತದೆ. ಇದಕ್ಕೆ ನಾವು ನೋಟ ಬೀಳುವುದು ಅನ್ನುತ್ತೇವೆ. ಹೆಣ್ಣು ನೋಡಲು ಬಂದವರು ಗೋತ್ರ ಕೇಳುವುದಕ್ಕೂ ಮೊದಲು ನೋಟ ಯಾರದ್ದು ಅಂತ ಕೇಳುತ್ತಾರೆ. ಕೈಯಲ್ಲಿ ನೋಟಿಲ್ಲದವನಿಗೆ ಹೆಣ್ಣು ಕೊಟ್ಟಾರು, ನೋಟವಿಲ್ಲದವನಿಗೆ ಕೊಡರು. ಕಿರಾಣಿ ಅಂಗಡಿಯ ದೊಡ್ಡಣ್ಣನ ಮೇಲೆ ಬೀಗದ ಭೂತದ ನೋಟ ಬಿದ್ದದ್ದೇ ತಡ, ಅವನು ತೂಕದ ಮೇಲೆ ಕೊಸರು ಹಾಕುವುದನ್ನೇ ನಿಲ್ಲಿಸಿಬಿಟ್ಟ. ಕೇಳಿದರೆ, “ನಾನೇನ್ ಮಾಡ್ಲಿ, ನನ್ನ ಸ್ವಭಾವ ಏನು ಅಂತ ಪರದೆ ಮೇಲೇ ಬಂತಲ್ಲ” ಅಂದ. ಅವನ ಹೆಂಡತಿ ಕಾಗೆ. ಆ ಮನೆಯ ಜಗಳ ಕೇಳಲು ಜನ ಬೇಕೆಂದೇ ಅವರ ಬಾವಿಗೆ ನೀರಿಗೆ ಹೋಗುತ್ತಾರೆ.

ದನಿ ಕೊಡುವವರದ್ದು ಇನ್ನೂ ಮೇಲಿನ ಸ್ಥಾನ. ಒಂದು ಪಾತ್ರದ ದನಿ ಖಾಲಿಯಾದರೆ, ಆಮೇಲೆ ಮೊದಲು ಯಾರ ಮೇಲೆ ಆ ಪಾತ್ರದ ನೋಟ ಬೀಳುತ್ತದೋ ಅವರು ಪರದೆಯ ಹಿಂದೆ ಹೋಗಿ ಕೂರಬೇಕು. ಮುಂದೆ ಕೂತವರಿಗೆ ಪಾತ್ರದ ಮುಖ ಕಾಣುತ್ತದೆ, ಹಿಂದೆ ಕೂತವರಿಗೆ ಬೆನ್ನು ಮಾತ್ರ. ಹಿಂದೆ ಕೂತು ಆಡಿದ ಪ್ರತಿ ಮಾತನ್ನೂ ಆ ಪಾತ್ರ ಮುಂದೆ ಆಡಿಬಿಡುತ್ತದೆ, ಆದ್ದರಿಂದ ನಾಲಿಗೆ ಬಿಗಿಹಿಡಿದು ಕೂರಬೇಕು. ಒಮ್ಮೆ ಭೂತದ ದನಿಯವರು ಮೆಲ್ಲಗೆ “ಕಾಫಿಗೆ ಸಕ್ಕರೆ ಕಮ್ಮಿ” ಅಂದದ್ದಕ್ಕೆ, ಮಗಳನ್ನು ಕತ್ತಲಕೋಣೆಗೆ ತಳ್ಳುತ್ತಿದ್ದ ಭೂತ ಕಣ್ಣು ಕೆಂಪಗೆ ಮಾಡಿ “ಕಾಫಿಗೆ ಸಕ್ಕರೆ ಕಮ್ಮಿ!” ಅಂತ ಗುಡುಗಿತ್ತು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ದನಿ ಇಲ್ಲದ ಪಾತ್ರ ಅಳಿಸಿಹೋಗುತ್ತದೆ. ಚಿತ್ರದಲ್ಲಿ ಹಿಂದೆ ಒಬ್ಬ ಸಾರೋಟಿನವನಿದ್ದ. ಅವನ ದನಿಯ ಮುದುಕರು ತೀರಿಕೊಂಡಾಗ, ಎರಡು ಮಾತಿನ ಪಾತ್ರ ನಮ್ಮ ಮನೆತನಕ್ಕೆ ಬೇಡ ಅಂತ ಎಲ್ಲರೂ ಅವನ ನೋಟ ತಪ್ಪಿಸಿಕೊಳ್ಳಲು ತಲೆ ಬಗ್ಗಿಸಿ ಕೂತರು. ಮೊದಲು ಅವನ ಪಾದ ಹೋಯಿತು, ಆಮೇಲೆ ಸೊಂಟ, ಕೊನೆಗೆ ಮೀಸೆ. ಈಗ ಸಾರೋಟು ತಾನೇ ಬರುತ್ತದೆ, ಲಗಾಮು ಗಾಳಿಯಲ್ಲಿ ತೇಲುತ್ತದೆ. ಅದು ಬಂದಾಗಲೆಲ್ಲ ಊರು ತಲೆ ಬಗ್ಗಿಸುತ್ತದೆ, ಈ ಸಲ ನಾಚಿಕೆಗೆ.

ಇನ್ನು ನನ್ನ ವಿಷಯ. ಹೆಸರು ವಾರಿಜ. ಕನ್ನಡ ಎಂ.ಎ. ಓದಿದ್ದು ಛಂದಸ್ಸು, ಕಲಿತದ್ದು ಛೇಡಿಸುವುದು. ಊರ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಸ್ಟಾಫ್‌ರೂಮಿನಲ್ಲಿ ಎಲ್ಲರ ಅಣಕು ಮಾಡುತ್ತೇನೆ. ಪ್ರಿನ್ಸಿಪಾಲರ ಹಾಗೆ ಕೆಮ್ಮಬಲ್ಲೆ, ಅಟೆಂಡರ್ ಹಾಗೆ ಕೆಮ್ಮಿಗೆ ಎದ್ದು ನಿಲ್ಲಬಲ್ಲೆ. ನೋಟ ಮಾತ್ರ ನನ್ನ ಮೇಲೆ ಬಿದ್ದಿರಲಿಲ್ಲ. ಬೀಳುವುದಾದರೂ ಹೇಗೆ? ನಾನು ಮೊದಲ ಸಲ ಟಾಕೀಸಿಗೆ ಹೋದ ದಿನ, ಕಾಗೆಯ ದನಿಯಾದ ಕೆಂಚಪ್ಪ ಮೇಷ್ಟ್ರು ಇಂಟರ್‌ವೆಲ್‌ನಲ್ಲಿ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿಯನ್ನು ಇಡಿಯಾಗಿ ನುಂಗಲು ಹೋಗಿ ಗಂಟಲು ಕಟ್ಟಿಸಿಕೊಂಡರು. ಚಿತ್ರ ಮತ್ತೆ ಶುರುವಾಯಿತು, ಕಾಗೆ ಕೊಕ್ಕು ತೆರೆದು ಕಾಯುತ್ತಾ ಕೂತಿತು. ನಾನು ಸುಮ್ಮನಿರಲಾರದೆ, ಕೂತಲ್ಲಿಂದಲೇ, ಮೇಷ್ಟ್ರ ಮೂಗುದನಿಯಲ್ಲಿ, “ಬೆಳಕಿಗೆ ಹೆಣ್ಣು ಕೊಟ್ಟವರು ಬೂದಿಗೆ ಬಾಣಂತನ ಮಾಡಬೇಕಾದೀತು!” ಅಂತ ಕೂಗಿದೆ. ಸಭೆ ಘೊಳ್ಳೆಂದು ನಕ್ಕಿತು. ನಾಲ್ಕು ಜನ ಬಂದು ನನ್ನನ್ನು ಅನಾಮತ್ತಾಗಿ ಎತ್ತಿ ಪರದೆಯ ಹಿಂದೆ ಕೂರಿಸಿದರು. ಅಂದಿನಿಂದ ನಾನು ಬದಲಿ. ಯಾರಿಗೆ ನೆಗಡಿ, ಯಾರಿಗೆ ನೆಂಟರು, ಯಾರಿಗೆ ಬಾಣಂತನ, ಎಲ್ಲದಕ್ಕೂ ವಾರಿಜ. ಎಲೆಮರೆಯ ಕಾಯಿ ಅಂತಾರಲ್ಲ, ನಾನು ತೆರೆಮರೆಯ ಕಾಯಿ. ಚಿತ್ರವನ್ನು ಮುಂದಿನಿಂದ ಇಂಟರ್‌ವೆಲ್‌ವರೆಗೆ ಮಾತ್ರ ನೋಡಿದವಳು ಈ ಊರಿನಲ್ಲಿ ನಾನೊಬ್ಬಳೇ.

“ನಿನಗೆ ಕಾಗೆಯದೇ ಬೀಳೋದು ಬಿಡಮ್ಮಾ,” ಅನ್ನುತ್ತಿದ್ದರು ಮೇಷ್ಟ್ರು. “ನಿನ್ನಷ್ಟು ಕಾಗೆ ಹಾರಿಸೋರು ನಮ್ಮ ವಂಶದಲ್ಲೇ ಇಲ್ಲ.”

ನಾನು ನಗುತ್ತಿದ್ದೆ. ಒಳಗೆ ಬೇರೆಯೇ ಇತ್ತು. ಎಲ್ಲರ ಹಾಗೂ ಮಾಡಬಲ್ಲವಳು ತನ್ನ ಹಾಗೆ ಹೇಗಿರುತ್ತಾಳೆ? ನನ್ನ ಅಣಕು ಯಾರೂ ಎಂದೂ ಮಾಡಿರಲಿಲ್ಲ. ಮಾಡಲು ಏನಾದರೂ ಇರಬೇಕಲ್ಲ. ಬೆಳಕಿಗೆ ಬಂದರೆ ಕರಗಿಹೋಗುವ ನೆರಳಮ್ಮಣ್ಣಿಯ ಬೆನ್ನನ್ನು ಹಿಂದಿನಿಂದ ನೋಡುವಾಗ, ಈಕೆ ಒಮ್ಮೆ ನನ್ನನ್ನು ನೋಡಿದ್ದರೆ, ಅಂದುಕೊಳ್ಳುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮೇಷ್ಟ್ರು ಬಜ್ಜಿ ಇಲ್ಲದೆಯೂ ಕೆಮ್ಮುತ್ತಿದ್ದರು.

ನೆರಳಮ್ಮಣ್ಣಿಯ ದನಿ ನಮ್ಮ ಪುಟ್ಟತ್ತೆ, ಅಪ್ಪನ ಅಕ್ಕ. ಲಂಗ ಹಾಕುವ ವಯಸ್ಸಿನಲ್ಲಿ ನೋಟ ಬಿದ್ದು ಹಿಂದೆ ಹೋದವರು, ಕೂದಲು ನೆರೆತರೂ ಅದೇ ಜಮಖಾನದ ಅದೇ ಮೂಲೆ. ಅಷ್ಟು ಕಾಲದಲ್ಲಿ ನೆರಳಮ್ಮಣ್ಣಿಯ ಮುಖವನ್ನು ಅವರು ಮತ್ತೆ ನೋಡಿರಲಿಲ್ಲ. “ಜಡೆಗೆ ಎಷ್ಟು ಕಾಲು ಅಂತ ಗೊತ್ತು, ರವಿಕೆಗೆ ಎಷ್ಟು ಗುಂಡಿ ಅಂತ ಗೊತ್ತು. ಮುಖ ಮರ್ತೋಯ್ತು ಕಣೇ ವಾರೀ,” ಅನ್ನುತ್ತಿದ್ದರು ಅಕ್ಕಿ ಆರಿಸುತ್ತಾ. “ನನ್ನ ದನಿ ನಿಂತ್ಮೇಲೆ ಮೊದಲ ಸಾಲಲ್ಲಿ ಕೂತು ಅವಳ ಮುಖ ಕಣ್ತುಂಬ ನೋಡ್ಬೇಕು. ಅದೊಂದೇ ಆಸೆ.”

ದನಿ ನಿಂತೇಬಿಟ್ಟಿತು. ಒಂದು ಶನಿವಾರ, ನೆರಳಮ್ಮಣ್ಣಿ ಗೋಪುರದ ಮೇಲೆ “ಬಾ” ಅನ್ನಬೇಕಾದಲ್ಲಿ ಅತ್ತೆಯ ಬಾಯಿಂದ ಗಾಳಿ ಮಾತ್ರ ಬಂತು. ಡಾಕ್ಟರು ನೋಡಿ, ಗಂಟಲು ಸವೆದಿದೆ, ಇನ್ನು ಪಿಸುಮಾತಷ್ಟೇ, ಅಂದರು. ಹೊಸಬರ ಮೇಲೆ ನೋಟ ಬೀಳುವವರೆಗೆ ಬದಲಿ ಯಾರು? ಇದ್ದಾಳಲ್ಲ ವಾರಿಜ. ಆದರೆ ಅತ್ತೆ ಮುಂದೆ ಹೋಗಿ ಕೂರಲು ಒಪ್ಪಲಿಲ್ಲ. “ಅವಳಿಗೊಂದು ದನಿ ಸಿಗೋವರೆಗೂ ಅವಳ ಮುಖ ನೋಡೋಕೆ ನನಗೆ ಮುಖ ಇಲ್ಲ,” ಅಂತ ಪಿಸುಗುಟ್ಟಿ ನನ್ನ ಪಕ್ಕದಲ್ಲೇ ಕೂತರು.

ನಾನು ಅತ್ತೆಯ ದನಿಯನ್ನು ತೆಗೆದೆ ನೋಡಿ, ಹಾಲಿಗೂ ಸುಣ್ಣಕ್ಕೂ ವ್ಯತ್ಯಾಸ ಗೊತ್ತಾಗದ ಹಾಗೆ. ಅವರು ‘ಬಾ’ ಅನ್ನುವ ಮೊದಲು ಒಂದು ಸಣ್ಣ ಕೆಮ್ಮು ಬರುತ್ತಿತ್ತು. ಕೊನೆ ಕೊನೆಯ ವರ್ಷಗಳಲ್ಲಿ ಸೇರಿಕೊಂಡ ಕೆಮ್ಮು ಅದು, ಅತ್ತೆ ಅದನ್ನು ಸೆರಗಿನಲ್ಲಿ ಅಡಗಿಸುತ್ತಿದ್ದರು. ನಾನು ಅಭ್ಯಾಸಬಲದಿಂದ ಅದನ್ನೂ ಸೇರಿಸಿದೆ, ಸೆರಗು ಮಾತ್ರ ಮರೆತೆ. ಪರದೆಯ ಮೇಲೆ ನೆರಳಮ್ಮಣ್ಣಿ ಪ್ರಿಯಕರನ ಕಡೆಗೆ ಕೈ ಚಾಚಿದವಳು, ಖೊಕ್ಕೆಂದು ಕೆಮ್ಮಿ, ಬಾಯಿಗೆ ಕೈ ಅಡ್ಡ ಹಿಡಿದಳು.

“ಅಯ್ಯಯ್ಯೋ, ನೆರಳಿಗೂ ನೆಗಡಿ!” ಅಂದರು ಯಾರೋ ಮುಂದೆ.

ಚಿತ್ರ ಮುಗಿದ ಮೇಲೆ ಮೂರು ಮನೆಯವರು ಕಷಾಯ ತಂದುಕೊಟ್ಟರು. ಯಾರಿಗೆ ಕುಡಿಸಬೇಕೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಮುಂದಿನ ವಾರಕ್ಕೆ ನಗು ನಿಂತಿತು. ನೆರಳಮ್ಮಣ್ಣಿಯ ಪಾದ ಮಾಸತೊಡಗಿತ್ತು. ಒಗೆದೂ ಒಗೆದೂ ಬಣ್ಣ ಬಿಟ್ಟ ಸೀರೆಯ ಅಂಚಿನ ಹಾಗೆ, ಹಿಂದಿನ ಮೆಟ್ಟಿಲು ಅವಳ ಕಾಲಿನ ಮೂಲಕವೇ ಕಾಣುತ್ತಿತ್ತು. ಬದಲಿ ದನಿ ಅಂದರೆ ಬಾಡಿಗೆ ಎಣ್ಣೆ, ದೀಪ ಎಷ್ಟು ದಿನ ಉರಿದೀತು? ಊರು ಗಾಬರಿಗೆ ಬಿತ್ತು. ಹೆಣ್ಣುಮಕ್ಕಳನ್ನೆಲ್ಲ ಮೊದಲ ಸಾಲುಗಳಲ್ಲಿ ಕೂರಿಸಿದರು. ಕಾಡಿಗೆ ಹಚ್ಚಿದವರು, ಕಪ್ಪು ಸೀರೆ ಉಟ್ಟವರು, ನೆರಳಮ್ಮಣ್ಣಿಗೆ ಇಷ್ಟವಾಗಲೆಂದು ಬಿಸಿಲಿಗೇ ಹೋಗದೆ ವಾರವಿಡೀ ಕೋಣೆಯಲ್ಲಿ ಕೂತವರು. ದೊಡ್ಡಣ್ಣನಂತೂ ತನ್ನ ಮಗಳ ಜೊತೆಗೆ ಸೊಸೆಯನ್ನೂ ಕರೆತಂದ. ನೋಟ ಬಿದ್ದ ಮೇಲೆ ಅವನು ಕೊಸರು ಹಾಕಿದ್ದು ಅದೇ ಮೊದಲು.

ನೆರಳಮ್ಮಣ್ಣಿ ಯಾರನ್ನೂ ನೋಡಲಿಲ್ಲ. ಅಲ್ಲ, ಎಲ್ಲರನ್ನೂ ನೋಡಿದಳಂತೆ. ಸಂತೆಯಲ್ಲಿ ಮಗು ಕಳೆದುಕೊಂಡ ತಾಯಿಯ ಹಾಗೆ ಸಾಲು ಸಾಲಾಗಿ ಹುಡುಕುತ್ತಾಳೆ, ಯಾರ ಮೇಲೂ ಕಣ್ಣು ನಿಲ್ಲಿಸುವುದಿಲ್ಲ, ಮೆಟ್ಟಿಲು ತಪ್ಪಿ ಎಡವುತ್ತಾಳೆ, ಅಂತ ಮುಂದೆ ಕೂತವರು ಬಂದು ಹೇಳಿದರು. ನನಗೆ ಕಾಣುತ್ತಿದ್ದದ್ದು ಅವಳ ಜಡೆ ಮಾತ್ರ. ಅದು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಆಡುತ್ತಿತ್ತು.

ನಾನೂ ಒಮ್ಮೆ ಮುಂದೆ ಹೋಗಿ ಕೂತರೆ? ನಾನು ಮುಂದೆ ಹೋದರೆ ಅವಳಿಗೆ ದನಿಯಿಲ್ಲ. ಅರ್ಧ ಮಾಸಿದವಳು ಒಂದು ಆಟದ ಮೌನವನ್ನೂ ತಾಳುವುದಿಲ್ಲ. ಹಿಂದೆ ಇದ್ದರೆ ಅವಳು ನನ್ನನ್ನು ನೋಡುವ ಹಾಗಿಲ್ಲ. ದೀಪ ಹಚ್ಚಿದರೆ ಒಂದು ಕಷ್ಟ, ಹಚ್ಚದಿದ್ದರೆ ಇನ್ನೊಂದು. ಚಿತ್ರದ ಕಥೆಯನ್ನು ಮಕ್ಕಳಿಗೆ ಎಷ್ಟೋ ಸಲ ನಗಿಸುತ್ತಾ ಹೇಳಿದ್ದೆ. ಅದು ನನ್ನ ಮನೆಗೇ ಬಂದು ಮಣೆ ಹಾಕಿ ಕೂತಾಗ ನಗು ಬರಲಿಲ್ಲ.

ದೀಪದವನ ದನಿ ಇಂದುಧರ. ಅಂಚೆ ಕಚೇರಿಯ ಗುಮಾಸ್ತ, ಉದ್ದ ಮನುಷ್ಯ, ಮಾತು ಗಿಡ್ಡ. ಅವನ ಮೇಲೆ ದೀಪದವನ ನೋಟ ಬಿದ್ದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ, ಅವನು ಸ್ಟಾಂಪು ಬೇಕೇ ಅಂತ ಕೇಳುವುದನ್ನೂ ಅರ್ಧಕ್ಕೇ ಬಿಡುತ್ತಿದ್ದ. ಅವನು ಬಿಟ್ಟ ಅರ್ಧವನ್ನು ಮುಗಿಸುವುದು ನನಗೆ ಚಟ. ಒಂದು ಶನಿವಾರ ಆಟ ಮುಗಿದು ಟಾಕೀಸಿನ ಹೊರಗೆ ಬಜ್ಜಿ ಬಾಣಲೆಯ ಮುಂದೆ ನಿಂತಿದ್ದೆವು.

“ವಾರಿಜಾ ಅವರೇ, ನೀವು ಮಧ್ಯೆ ಮಧ್ಯೆ ಮೆಲ್ಲಗೆ ನಗ್ತೀರಲ್ಲ, ಆಗ ನೆರಳಮ್ಮಣ್ಣಿಯವರ ಜುಮಕಿ ಅಲ್ಲಾಡುತ್ತೆ,” ಅಂದ.

“ಗಾಳಿಗೆ ಇರ್ಬೇಕು.”

“ಚಿತ್ರದಲ್ಲಿ ಗಾಳಿ… ಅದಲ್ಲ. ನನಗನ್ನಿಸೋದು, ಅವರು ಹುಡುಕ್ತಿರೋದು…”

“ಕೆಮ್ಮಿನ ಮಾತ್ರೆ,” ಅಂದೆ ನಾನು, ಅವನದೇ ದನಿಯಲ್ಲಿ. ಬಾಣಲೆಯವಳು ಕೈಯ ಸೌಟು ಜಾರುವ ಹಾಗೆ ನಕ್ಕಳು. ಇಂದುಧರನೂ ನಕ್ಕ. ನಕ್ಕು, ಉಳಿದ ಮಾತನ್ನು ಬಜ್ಜಿಯ ಜೊತೆಗೆ ನುಂಗಿದ.

“ಮೂರು ವರ್ಷದಿಂದ ನಮ್ಮತ್ತೆಗೆ ಪ್ರೀತಿ ಹೇಳಿ ಹೇಳಿ ನಿಮಗೆ ಅರಳು ಮರಳು,” ಅಂದೆ.

“ಈಗ ಎರಡು ತಿಂಗಳಿಂದ ಅತ್ತೆಗೆ ಹೇಳ್ತಿಲ್ಲ,” ಅಂದ ಅವನು. ಅದೊಂದು ಪೂರ್ತಿ ವಾಕ್ಯ ಅಂತ ನನಗೆ ಹೊಳೆದದ್ದು ಮನೆಗೆ ಬಂದು ಕಾಲು ತೊಳೆಯುವಾಗ.

ಅಷ್ಟರಲ್ಲಿ ನೆರಳಮ್ಮಣ್ಣಿ ಸೊಂಟದವರೆಗೆ ಹೋಗಿದ್ದಳು. ಇನ್ನೊಂದು ವಾರಕ್ಕೆ ಭುಜದವರೆಗೆ. ಗಾಳಿಯಲ್ಲಿ ಒಂದು ತಲೆ, ಒಂದು ಜಡೆ, ಎರಡು ಕೈ. ಆ ಶನಿವಾರ ಬೆಳಿಗ್ಗೆ ಅತ್ತೆ ಪೆಟ್ಟಿಗೆ ತೆಗೆದು ಕರೀ ರೇಷ್ಮೆ ಸೀರೆ ಉಟ್ಟರು, ಮಲ್ಲಿಗೆ ಮುಡಿದರು. ಕನ್ನಡಿಯ ಮುಂದೆ ಕೂತು ಕುಂಕುಮ ಇಡುವಾಗ ಹಣೆಯೆಲ್ಲ ಚೆಲ್ಲಿಕೊಂಡರು. ನಾನು ಒರೆಸಿದೆ.

“ಇವತ್ತು ಮುಂದೆ ಕೂರ್ತೀನಿ ಕಣೇ,” ಅಂತ ಪಿಸುಗುಟ್ಟಿದರು. “ಮುಂದಿನ ವಾರಕ್ಕೆ ಮುಖ ಇರುತ್ತೋ ಇಲ್ವೋ. ನನಗೆ ನಾಚಿಕೆ ಪಡೋಕೆ ಪುರುಸೊತ್ತಿಲ್ಲ.”

“ಅತ್ತೆ, ನೀವು ಪಕ್ಕದಲ್ಲಿ ಇಲ್ದೆ ನಿಮ್ಮ ದನಿ ನನಗೆ ಬರಲ್ಲ.”

“ಬರದಿದ್ರೆ ಬಿಡು. ನನ್ನ ದನಿ ನನ್ನನ್ನೇ ಬಿಟ್ಟೋಯ್ತು, ನಿನ್ನ ಹತ್ರ ಎಷ್ಟು ದಿನ ಇರುತ್ತೆ?” ಅಂದು ನನ್ನ ಕೆನ್ನೆ ಚಿವುಟಿದರು.

ಅಂದು ಟಾಕೀಸಿನಲ್ಲಿ ಯಾರೂ ಎಲೆಯಡಿಕೆ ಜಗಿಯಲಿಲ್ಲ. ನಾನು ಕಾಲೇಜಿನಿಂದ ನೇರವಾಗಿ ಬಂದಿದ್ದೆ, ಕೈಯಲ್ಲಿ ಇನ್ನೂ ಸೀಮೆಸುಣ್ಣದ ಪುಡಿ. ಸೆಕೆಗೆ ಕನ್ನಡಕ ಮೂಗಿನಿಂದ ಜಾರುತ್ತಿತ್ತು. ಪುಡಿಗೈ ತಾಗಬಾರದೆಂದು ಮಣಿಕಟ್ಟಿನ ಹಿಂಬದಿಯಿಂದ ಅದನ್ನು ಮೇಲಕ್ಕೆ ತಳ್ಳುತ್ತಾ ಕೂತಿದ್ದೆ. ಪಕ್ಕದಲ್ಲಿ ಅತ್ತೆಯ ಜಾಗ ಖಾಲಿ. ಆ ಕಡೆ ಇಂದುಧರ, ಇನ್ನೊಂದು ಕಡೆ ಕಾಗೆ ಮೇಷ್ಟ್ರು. ಚಿತ್ರ ಸಾಗಿತು. ಭೂತ ಬೀಗ ಜಡಿಯಿತು, ಕಾಗೆ ಹಂಗಿಸಿತು, ಸಾರೋಟು ಯಾರೂ ಇಲ್ಲದೆ ಬಂದು ಯಾರೂ ಇಲ್ಲದೆ ಹೋಯಿತು. ನೆರಳಮ್ಮಣ್ಣಿಯ ಮಾತುಗಳನ್ನು ಹೇಗೋ ಎಳೆದುಕೊಂಡು ಬಂದೆ. ಪ್ರತಿ ಮಾತಿಗೂ ಅವಳ ಜಡೆ ಎಡಕ್ಕೆ ಬಲಕ್ಕೆ ಆಡುತ್ತಿತ್ತು, ಪ್ರತಿ ಮಾತಿಗೂ ಅವಳ ಬೆರಳು ತೆಳುವಾಗುತ್ತಿತ್ತು.

ಕೊನೆಗೆ ಗೋಪುರದ ದೃಶ್ಯ. ಇಲ್ಲಿ ದೀಪದವನು ಉರಿಯುವ ಕಡ್ಡಿ ಹಿಡಿದು “ನಾನು ನಿನ್ನ…” ಅಂತ ನಿಲ್ಲಿಸಬೇಕು. ನೆರಳಮ್ಮಣ್ಣಿ, “ಹಚ್ಚು. ನಾನು ಹೋದರೂ ಚಿಂತೆಯಿಲ್ಲ, ನಿನ್ನ ಮುಖ ಒಮ್ಮೆ ನೋಡುತ್ತೇನೆ,” ಅನ್ನಬೇಕು. ಆಗ ಅವನು ದೀಪ ಹಚ್ಚಿ, ಅದನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಾನೆ. ಬೆರಳ ಸಂದಿಯಿಂದ ಸೋರುವ ಅಷ್ಟಿಷ್ಟು ಬೆಳಕಿನಲ್ಲಿ ಅವಳೂ ಉಳಿಯುತ್ತಾಳೆ, ಅವನಿಗೂ ಕಾಣುತ್ತಾಳೆ. ಅದೇ ಕಲ್ಯಾಣ.

ನಾನು ಬಾಯಿ ತೆರೆದೆ. ಅತ್ತೆಯ ದನಿ ಬರಲಿಲ್ಲ. ಮೇಷ್ಟ್ರದ್ದು ಬರಲಿಲ್ಲ, ಪ್ರಿನ್ಸಿಪಾಲರದ್ದು ಬರಲಿಲ್ಲ. ಗಂಟಲೊಳಗೆ ಇಡೀ ಊರು ಬೀಗ ಹಾಕಿಕೊಂಡು ಹೋಗಿತ್ತು. ಮುಂದೆ ಯಾರೋ ಹೆಂಗಸು ಬಿಕ್ಕಿದರು. ಪರದೆಯಲ್ಲಿ ಅವಳ ಜಡೆಯ ತುದಿ ಮಾಯವಾಯಿತು.

ಆಗ ಇಂದುಧರ ನನ್ನ ಕಡೆ ತಿರುಗಿದ. ಹಿಂದೆ ಕೂತವರು ಆಡಬಾರದ ಮಾತನ್ನು ಅವನು ಆಡಿದ, ಪೂರ್ತಿಯಾಗಿ.

“ಅವಳು ಹುಡುಕುತ್ತಿರೋದು ನಿನ್ನನ್ನೇ, ವಾರಿಜಾ.”

ಪರದೆಯ ಮೇಲೆ ದೀಪದವನೂ ನೆರಳಮ್ಮಣ್ಣಿಗೆ ಅದನ್ನೇ ಹೇಳಿಬಿಟ್ಟ. ಸಭೆಯಲ್ಲಿ ಗದ್ದಲ. “ಯಾರೀ ವಾರಿಜ?” “ಇವನಿಗೆ ಇನ್ನೊಬ್ಬಳು ಬೇರೆ ಇದ್ಲಾ?” “ಅಯ್ಯೋ, ನಮ್ಮ ಕನ್ನಡ ಮೇಡಂ ಕಣ್ರೀ!”

ಕೆಮ್ಮಿನ ಮಾತ್ರೆ ಅಂದಿದ್ದೆನಲ್ಲ, ಆ ಬಜ್ಜಿಯ ಹೊತ್ತು ನೆನಪಾಯಿತು. ಎಲ್ಲರ ಅರ್ಧ ಮಾತನ್ನು ತಮಾಷೆಯಿಂದ ಮುಗಿಸುವವಳಿಗೆ, ಪೂರ್ತಿ ಮಾತು ಕಿವಿಗೆ ಬಿದ್ದದ್ದು ಅದೇ ಮೊದಲು. ಹುಡುಕುವವಳು ಮುಂದೆ ಹುಡುಕುತ್ತಿದ್ದಾಳೆ, ಕಳೆದುಹೋದದ್ದು ಅವಳ ಬೆನ್ನ ಹಿಂದೆ ಕನ್ನಡಕ ಸರಿಮಾಡಿಕೊಳ್ಳುತ್ತಾ ಕೂತಿದೆ! ನನಗೆ ನಗು ಬಂದುಬಿಟ್ಟಿತು. ನಗುವಿನ ಹಿಂದೆಯೇ ದನಿಯೂ ಬಂತು. ಯಾರದ್ದೂ ಅಲ್ಲದ, ಸ್ವಲ್ಪ ಒರಟಾದ, ಬೆಳಿಗ್ಗೆ ಎದ್ದಾಗ ನೀರಿನ ಚೊಂಬಿಗೆ ಮಾತ್ರ ಕೇಳಿಸುವ ದನಿ.

“ಮುಂದೆಲ್ಲೂ ಸಿಗದಿದ್ರೆ ಹಿಂದೆ ನೋಡಬಾರ್ದೇನೇ, ಹುಚ್ಚಿ?” ಅಂದೆ.

ಹಿಂದೆ ಆಡಿದ್ದನ್ನು ಮುಂದೆ ಆಡಲೇಬೇಕಲ್ಲ. “ಮುಂದೆಲ್ಲೂ ಸಿಗದಿದ್ರೆ ಹಿಂದೆ ನೋಡಬಾರ್ದೇನೇ, ಹುಚ್ಚಿ?” ಅಂದಳು ನೆರಳಮ್ಮಣ್ಣಿ, ತನಗೆ ತಾನೇ. ಅಂದು, ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳ ಹಾಗೆ ಅರೆಕ್ಷಣ ನಿಂತಳು. ಜುಮಕಿ ಅಲ್ಲಾಡಿತು. ಆಮೇಲೆ, ಆ ಚಿತ್ರ ಹುಟ್ಟಿದಾಗಿನಿಂದ ಯಾರೂ ಮಾಡದ ಕೆಲಸ ಮಾಡಿದಳು. ಊರಿಗೆ ಬೆನ್ನು ಹಾಕಿ ಹಿಂದಿರುಗಿದಳು.

ಇಂಟರ್‌ವೆಲ್‌ವರೆಗೆ ಕಂಡಿದ್ದ ಮುಖ ಇದಾಗಿರಲಿಲ್ಲ. ಅಥವಾ ಇದೇ ಆಗಿತ್ತೇನೋ, ಆಗ ನಾನು ಮುಖಕ್ಕಿಂತ ಅಕ್ಕಪಕ್ಕದವರ ಹಾವಭಾವವನ್ನೇ ಹೆಚ್ಚು ನೋಡಿದ್ದೆ. ದೊಡ್ಡ ಕಣ್ಣು, ಪೆನ್ಸಿಲ್ಲಿನ ಗೀಟು ಇನ್ನೂ ಉಳಿದ ಹುಬ್ಬು. ಊರೆಲ್ಲ ದುಃಖ ದುಃಖ ಅನ್ನುವ ಆ ತುಟಿಯ ಎಡ ಮೂಲೆ ಒಂದಿಷ್ಟೇ ಮೇಲಕ್ಕೆ ಎದ್ದಿತ್ತು. ಯಾರಾದರೂ ಅಣಕು ಮಾಡಲು ಹೊರಟಾಗ ತುಟಿ ಹಾಗೆ ಏಳುತ್ತದೆ, ನನಗೆ ಗೊತ್ತಿಲ್ಲವೇ? ಅವಳು ನನ್ನನ್ನು ನೋಡಿದಳು, ಕಣ್ಣು ನೆಟ್ಟು. ಆಮೇಲೆ ಮಾಸಿದ ಕೈಯನ್ನು ಎತ್ತಿ, ಮಣಿಕಟ್ಟಿನ ಹಿಂಬದಿಯಿಂದ, ತನ್ನ ಮೂಗಿನ ಮೇಲಿಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡಳು.

ನನ್ನ ಹಾಗೆ ಮಾಡಿದಳು. ನನ್ನ ಹಾಗೆ! ಹಾಗಾದರೆ ‘ನನ್ನ ಹಾಗೆ’ ಅನ್ನುವುದೊಂದು ಇತ್ತು. ಇಷ್ಟು ವರ್ಷ ಅದನ್ನು ಮಾಡಿಕೊಂಡೇ ಓಡಾಡುತ್ತಿದ್ದೆ, ನೋಡುವ ಕಣ್ಣು ಮಾತ್ರ ಹಿಂದಿರುಗಿರಲಿಲ್ಲ. ನಾನು ಅಳುತ್ತಾ ನಕ್ಕೆನೋ ನಗುತ್ತಾ ಅತ್ತೆನೋ, ಏನು ಮಾಡಿದೆನೋ ಅದನ್ನೇ ಅವಳೂ ಮಾಡಿದಳು.

ಆಗ ಮೊದಲ ಸಾಲಿನಿಂದ, ಸವೆದ ಗಂಟಲನ್ನು ಹರಿದುಕೊಂಡು ಒಂದು ಕೂಗು ಬಂತು.

“ಅಲ್ಲೂ ಬೆನ್ನು, ಇಲ್ಲೂ ಬೆನ್ನು! ಏ ಹುಡುಗಿ, ಒಂದ್ಸಲ ಈ ಕಡೆ ತಿರುಗೇ!”

ಪುಟ್ಟತ್ತೆ. ಕರೀ ರೇಷ್ಮೆ ಉಟ್ಟು, ಮಲ್ಲಿಗೆ ಮುಡಿದು, ಜೀವಮಾನವಿಡೀ ಕಾದು ಕೂತರೆ ಅವರಿಗೆ ಸಿಕ್ಕಿದ್ದು ಅತ್ತಿತ್ತ ಹುಡುಕುವ ಮುಖ, ಅದು ನಗುವ ಹೊತ್ತಿಗೆ ಮತ್ತದೇ ಜಡೆ. ನೆರಳಮ್ಮಣ್ಣಿಗೆ ಆ ದನಿ ಗೊತ್ತಾಗದೆ ಇರುತ್ತದೆಯೇ? ನಗು ಹಾಗೇ ಇಟ್ಟುಕೊಂಡು ಮುಂದಕ್ಕೆ ತಿರುಗಿದಳು. ನನಗೆ ಮತ್ತೆ ಬೆನ್ನು. ಆದರೆ ಆ ಬೆನ್ನಿಗೆ ಬಣ್ಣ ಇಳಿಯುತ್ತಿತ್ತು. ಕುತ್ತಿಗೆಯಿಂದ ಭುಜಕ್ಕೆ, ಭುಜದಿಂದ ಸೊಂಟಕ್ಕೆ, ಹೊಸದಾಗಿ ಅದ್ದಿದ ಸೀರೆಯ ಹಾಗೆ ಕಡುಗಪ್ಪು. ಕೊನೆಗೆ ಪಾದ ಬಂತು, ಬೆರಳಿಗೆ ಕಾಲುಂಗುರವೂ ಬಂತು.

“ಹಚ್ಚು,” ಅಂದೆ ನಾನು ದೀಪದವನಿಗೆ, ನನ್ನ ದನಿಯಲ್ಲಿ. “ನಾನು ಹೋದರೂ ಚಿಂತೆಯಿಲ್ಲ, ನಿನ್ನ ಮುಖ ಒಮ್ಮೆ ನೋಡುತ್ತೇನೆ.”

ಇಂದುಧರ ಹಚ್ಚಿದ. ಕೆಮ್ಮು ಬರಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ ನನ್ನ ಕೈ ಹಿಡಿದೇ ನಡೆದರು. ಕೂಗಿದ ಗಂಟಲು ಪೂರ್ತಿ ಕೂತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, ಕಿವಿಗೆ ಬಾಯಿಟ್ಟು ಹೇಳಿದರು: “ಅವಳಿಗೆ ವಯಸ್ಸೇ ಆಗಿಲ್ಲ ಕಣೇ. ನಾನೂ ಹಾಗೇ ಇದ್ದೀನಿ ಅಂತ ಒಂದು ಗಳಿಗೆ ಅನ್ನಿಸ್ತು.”

ಈಗ ಅವರಿಗೆ ಮೊದಲ ಸಾಲಿನಲ್ಲಿ ಕಾಯಂ ಕುರ್ಚಿ. ಪ್ರತಿ ಶನಿವಾರವೂ ಮಲ್ಲಿಗೆ. ಮೇಷ್ಟ್ರಿಗೆ ಮಾತ್ರ ಒಂದು ಕೊರಗು, ಕಾಗೆಗೆ ಒಳ್ಳೆಯ ವಾರಸುದಾರಳು ಕೈತಪ್ಪಿದಳಂತೆ. ಇಂದುಧರ ಅಂಚೆ ಕಚೇರಿಯಲ್ಲಿ ಸ್ಟಾಂಪು ಬೇಕೇ ಅಂತ ಪೂರ್ತಿ ಕೇಳುತ್ತಾನೆ. ನನ್ನನ್ನೂ ಏನೋ ಒಂದು ಪೂರ್ತಿಯಾಗಿ ಕೇಳಿದ. ಅದಕ್ಕೆ ನಾನು ತಮಾಷೆ ಮಾಡಲಿಲ್ಲ ಅಂತಷ್ಟೇ ಹೇಳುತ್ತೇನೆ, ಉಳಿದದ್ದು ನಮ್ಮ ಬೀಗರ ವಿಷಯ. ಕಳೆದ ವಾರ ಸಾರೋಟು ಬಂದಾಗ ದೊಡ್ಡಣ್ಣ ತಲೆ ಬಗ್ಗಿಸದೆ, ಎದ್ದು ನಿಂತು, ಆ ಎರಡು ಮಾತನ್ನು ತನ್ನ ಕೀರಲು ದನಿಯಲ್ಲಿ ಕೂಗಿದ. ಲಗಾಮಿನ ಹತ್ತಿರ ಮೀಸೆಯಂಥದ್ದೇನೋ ಕಂಡಿತು ಅಂತ ಕೆಲವರು, ಜೇಡ ಇರಬೇಕು ಅಂತ ಕೆಲವರು. ಎಲ್ಲರೂ ಮುಂದಿನ ಶನಿವಾರ ಕಾಯುತ್ತಿದ್ದಾರೆ.

ನನಗೆ ಮಾತ್ರ ಮತ್ತೆ ಅದೇ ಜಡೆ, ಅದೇ ಗುಂಡಿ. ಅವಳು ಮತ್ತೆ ಹಿಂದಿರುಗಿಲ್ಲ, ಹಿಂದಿರುಗುವ ಅಗತ್ಯವೂ ಇಲ್ಲ. ಗೋಪುರದ ದೃಶ್ಯ ಬಂದಾಗ ಅವಳ ಮೊಣಕೈ ಒಂದು ಸಲ ಮೇಲಕ್ಕೆ ಏಳುತ್ತದೆ, ಕನ್ನಡಕ ತಳ್ಳುವ ಹಾಗೆ. ಅದೇ ಹೊತ್ತಿಗೆ ನನ್ನದೂ ಎದ್ದಿರುತ್ತದೆ. ಊರಿನ ಪುಟ್ಟ ಹುಡುಗಿಯರೂ ಈಗ ಕನ್ನಡಕವಿಲ್ಲದ ಮೂಗನ್ನು ಮಣಿಕಟ್ಟಿನಿಂದ ತಳ್ಳಿಕೊಂಡು ಓಡಾಡುತ್ತಾರೆ. ಯಾರು ಯಾರ ಹಾಗೆ ಮಾಡುತ್ತಿದ್ದೇವೆ ಅಂತ ಅವಳನ್ನು ಕೇಳೋಣ ಅಂತ ಬಾಯಿ ತುದಿಗೆ ಬರುತ್ತದೆ. ಕೇಳುವುದಿಲ್ಲ. ಕೇಳಿದರೆ ಅವಳೂ ಅದನ್ನೇ ಊರ ಮುಂದೆ ಕೇಳಿಬಿಡುತ್ತಾಳೆ.